ಕಳ್ಳಜೇಬು ಬೇಡ

ಹೋಟೆಲಿನಲ್ಲಿ ಅವಳನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಅಲ್ಲಿ ಕೋಣೆ ಗುಡಿಸಿ ಒರೆಸುವ ಹೆಂಗಸರಿಗೆಲ್ಲ ಅವರವರ ಮಹಡಿಯೇ ಹೆಸರು. ಅವಳು ಮೂರನೇ ಮಹಡಿ. "ಮೂರನೇ ಮಹಡಿ ಬಂದ್ಲಾ?" "ಮೂರನೇ ಮಹಡಿಗೆ ಇವತ್ತು ಸೊಂಟ ನೋವಂತೆ." "ಮೂರನೇ ಮಹಡಿ ಊಟ ಮಾಡ್ಲಿಲ್ಲ, ಯಾರ ಮೇಲೆ ಸಿಟ್ಟು ಕೇಳ್ರೇ." ಹೊಸದಾಗಿ ಸೇರಿದವರು ಮಾತ್ರ ಕಟ್ಟಡಕ್ಕೆ ಸೊಂಟ ಎಲ್ಲಿಂದ ಬಂತೆಂದು ಮೊದಮೊದಲು ತಬ್ಬಿಬ್ಬಾಗುತ್ತಿದ್ದರು.

ಅಂದದ್ದನ್ನು ಹೊಟ್ಟೆಗೆ ಹಾಕಿಕೊಳ್ಳುವುದರಲ್ಲಿ ಅವಳನ್ನು ಮೀರಿಸಿದವರಿರಲಿಲ್ಲ. ನೀರಿನ ಪಂಪು ರಿಪೇರಿ ಮಾಡುವವನ ಕೈಹಿಡಿದು, ಸೈಕಲ್ ಅಂಗಡಿಯ ಹಿಂದಿನ ಎರಡು ಕೋಣೆಯ ಮನೆಗೆ ಬಂದಾಗಿನಿಂದ ಮಾಡಿಕೊಂಡು ಬಂದದ್ದೇ ಅದು. ಅತ್ತೆ ಒಂದು ಮಾತು ಹೆಚ್ಚು ಆಡಿದರೆ ಪಾತ್ರೆಯ ಸದ್ದು ಸ್ವಲ್ಪ ಜಾಸ್ತಿ ಮಾಡುತ್ತಿದ್ದಳು, ಅಷ್ಟೆ. ಹೋಟೆಲಿನಲ್ಲಿ ಕೆಲಸದವರು ಲಿಫ್ಟ್ ಹತ್ತಬಾರದು ಎಂದರು. ಬಕೆಟ್ಟು, ಚಾದರದ ಕಂತೆ ಹೊತ್ತು ಮೆಟ್ಟಿಲು ಹತ್ತಿದಳು. ಕೂತು ಚಹಾ ಕುಡಿಯಬಾರದು ಎಂದರು, ನಿಂತು ಕುಡಿದಳು. "ನಿನ್ನ ಬಾಯಲ್ಲಿ ನಾಲಿಗೆ ಇದೆಯೋ ಇಲ್ವೋ, ಒಂದ್ಸಲ ತೋರ್ಸಕ್ಕಾ" ಎಂದು ಏಳನೇ ಮಹಡಿಯವಳು ಗೇಲಿ ಮಾಡುತ್ತಿದ್ದಳು. ಏಳನೇ ಮಹಡಿ ವಯಸ್ಸಿನಲ್ಲಿ ಚಿಕ್ಕವಳು, ಮಾತಿನಲ್ಲಿ ಎಲ್ಲರಿಗಿಂತ ದೊಡ್ಡವಳು.

ಒಂದೇ ಒಂದು ವಿಷಯದಲ್ಲಿ ಮೂರನೇ ಮಹಡಿಗೆ ಜಂಬವಿತ್ತು. ಅವಳು ಇನ್ನೊಬ್ಬರ ವಸ್ತು ಮುಟ್ಟಿದವಳಲ್ಲ. ದಿಂಬಿನ ಕೆಳಗೆ ಸಿಕ್ಕ ಸರ, ಬಚ್ಚಲಲ್ಲಿ ಮರೆತುಹೋದ ಕೈಗಡಿಯಾರ, ಹಾಸಿಗೆಯ ಸಂದಿಯಲ್ಲಿ ಸಿಕ್ಕ ಹಲ್ಲಿನ ಸೆಟ್ಟು, ಎಲ್ಲವನ್ನೂ ಕೆಳಗೆ ಒಯ್ದು ಕೊಟ್ಟಿದ್ದಳು. ಹಲ್ಲಿನ ಯಜಮಾನ ಅರ್ಧ ದಾರಿಯಿಂದ ವಾಪಸ್ಸು ಬಂದು, ಬೊಚ್ಚುಬಾಯಿಯಲ್ಲೇ ಅವಳನ್ನು ಹೊಗಳಿದ್ದನ್ನು ಮನೆಯಲ್ಲಿ ನಟಿಸಿ ತೋರಿಸಿ ಗಂಡನನ್ನು ನಗಿಸಿದ್ದಳು.

ಹೀಗಿರುವಾಗ ಐದನೇ ಮಹಡಿಯಲ್ಲಿ ಉಳಿದುಕೊಂಡಿದ್ದ ಒಬ್ಬ ಹೆಂಗಸು ತನ್ನ ಕಿವಿಯ ಓಲೆ ಕಾಣುತ್ತಿಲ್ಲವೆಂದು ಕೂಗಾಡಿದಳು. ಕೆಲಸದ ಹೆಂಗಸರನ್ನೆಲ್ಲ ಕಾರಿಡಾರಿನಲ್ಲಿ ಸಾಲಾಗಿ ನಿಲ್ಲಿಸಿ ಜೇಬು ಹೊರಗೆಳೆಯಲು ಹೇಳಿದರು. ಅಂಗಿಯ ಎರಡೂ ಪಕ್ಕದಲ್ಲಿ ಜೇಬಿನ ಬಿಳಿ ಅಸ್ತರು ಜೋತುಬಿಟ್ಟುಕೊಂಡು ಅವರು ನಿಂತೇ ಇದ್ದರು. ಹೋಗಿ ಬರುವ ಅತಿಥಿಗಳು ನೋಡಿಕೊಂಡು ಹೋದರು. ಓಲೆ ಸಿಗಲಿಲ್ಲ. ಮರುದಿನ ಆ ಹೆಂಗಸೇ ಊರಿಂದ ಫೋನು ಮಾಡಿ, ಅದು ತನ್ನ ಕನ್ನಡಕದ ಪೆಟ್ಟಿಗೆಯಲ್ಲೇ ಇತ್ತೆಂದು ತಿಳಿಸಿದಳು. ಸುದ್ದಿ ಕೆಳಗಿನವರೆಗೂ ಬಂತು, ಆದರೆ ಕ್ಷಮೆ ಎಂಬ ಮಾತು ಯಾರ ಬಾಯಿಂದಲೂ ಬರಲಿಲ್ಲ. ಬಂದದ್ದು ಹೊಸ ಸಮವಸ್ತ್ರ. ಹಳೆಯ ಕಂದು ಅಂಗಿಯ ಬದಲು ಬೂದು ಬಣ್ಣದ್ದು, ಮೊಣಕಾಲಿನವರೆಗೆ ಇಳಿಯುವ ಅಂಗಿ, ಅದೇ ಬಣ್ಣದ ಪ್ಯಾಂಟು. ಹಾಕಿಕೊಂಡು ನೋಡಿದರೆ ಎಲ್ಲೂ ಜೇಬಿಲ್ಲ.

"ನಿಮ್ಮ ಒಳ್ಳೇದಕ್ಕೇ ಕಣ್ರಮ್ಮ ಇದು" ಎಂದಳು ಮೇಲ್ವಿಚಾರಕಿ. ಅವಳೂ ಒಂದು ಕಾಲಕ್ಕೆ ಎರಡನೇ ಮಹಡಿಯಾಗಿದ್ದವಳೇ. ಈಗ ಕಪ್ಪು ಕೋಟು ಬಂದಿತ್ತು, 'ಮೇಡಂ' ಆಗಿದ್ದಳು. "ಜೇಬೇ ಇಲ್ಲ ಅಂದ್ಮೇಲೆ ಯಾರೂ ನಿಮ್ಮನ್ನ ಅನುಮಾನಿಸೋ ಹಾಗೇ ಇಲ್ವಲ್ಲ."

ಹೆಂಗಸರು ಮುಖಮುಖ ನೋಡಿಕೊಂಡು ಮೇಲೆ ಹೋದರು. ಅಂದಿನಿಂದ ಕರವಸ್ತ್ರ ಎದೆಯೊಳಗೆ ಸೇರಿತು, ಫೋನು ಸೊಂಟದ ಪಟ್ಟಿಗೆ ಸಿಕ್ಕಿಕೊಂಡಿತು, ಕೋಣೆಯ ಬೀಗದ ಕಾರ್ಡು ಕೊರಳಿಗೆ ಬಂತು. ಮೂರನೇ ಮಹಡಿಗೆ ಕಷ್ಟವಾದದ್ದು ಕನ್ನಡಕ. ಬಾಟಲಿಯ ಮೇಲಿನ ಸಣ್ಣ ಅಕ್ಷರ ಓದಿ ಯಾವುದು ನೆಲಕ್ಕೆ, ಯಾವುದು ಕನ್ನಡಿಗೆ ಎಂದು ತಿಳಿಯಲು ಅದು ಬೇಕು. ಬಗ್ಗಿ ಒರೆಸುವಾಗ ಬೇಡ. ಅಂಗಿಯ ಕೊರಳಿಗೆ ಸಿಕ್ಕಿಸಿಕೊಂಡು ಕೆಲಸ ಮಾಡುತ್ತಿದ್ದಳು. ಒಂದು ಬೆಳಿಗ್ಗೆ ಬಚ್ಚಲುಮನೆಯಲ್ಲಿ ಕಮೋಡು ತಿಕ್ಕಲು ಬಗ್ಗಿದಾಗ ಅದು ಜಾರಿ ನೇರ ನೀರಿನೊಳಗೆ ಬಿತ್ತು. ತೋಳು ಮಡಚಿ ಕೈ ಹಾಕಿ ತಡಕಾಡುತ್ತಿದ್ದಾಗ ಕೋಣೆಯ ಅತಿಥಿ ಒಳಗೆ ಬಂದ. ಅವನು ಕೆಟ್ಟವನೇನಲ್ಲ. ಒಂದು ಕ್ಷಣ ನೋಡಿ, "ಏನಮ್ಮಾ, ಮೀನು ಹಿಡೀತಿದೀರಾ?" ಎಂದ.

ಅವಳು ನಗಲಿಲ್ಲ. ಕನ್ನಡಕ ಎತ್ತಿ, ಮೂರು ಸಲ ಸೋಪು ಹಾಕಿ ತೊಳೆದು, ಮುಖಕ್ಕೆ ಏರಿಸಿದರೂ ಅದರ ಹಿಂದೆ ಕಣ್ಣು ಉರಿಯುತ್ತಲೇ ಇತ್ತು. ನೀರಿಗೆ ಬಿದ್ದ ಕನ್ನಡಕಕ್ಕಲ್ಲ ಅವಳ ದುಃಖ. ಕಾರಿಡಾರಿನಲ್ಲಿ ಜೋತುಬಿದ್ದ ಆ ಬಿಳಿ ಅಸ್ತರು ಇಷ್ಟು ದಿನ ಗಂಟಲಲ್ಲೇ ಸಿಕ್ಕಿಕೊಂಡಿತ್ತು. ಈಗ ಮೇಲೆ ಬಂತು. ಇಷ್ಟು ವರ್ಷ ನುಂಗಿದ್ದೆಲ್ಲ ಒಂದು ತೂಕ, ಇದೇ ಒಂದು ತೂಕ ಅನ್ನಿಸಿತು.

ಸಂಜೆ ಮನೆಗೆ ಹೋಗುವ ದಾರಿಯಲ್ಲಿ ಬೀದಿಯ ತುದಿಯ ದರ್ಜಿಯ ಅಂಗಡಿಗೆ ಹೋಗಿ, ಅಂಗಿಗೊಂದು ಜೇಬು ಇಟ್ಟುಕೊಡಲು ಕೇಳಿದಳು. ದರ್ಜಿ ಅಂಗಿಯನ್ನು ನೋಡಿದವನೇ ಕೈ ಹಿಂದಕ್ಕೆ ಎಳೆದುಕೊಂಡ. "ಇದು ನಿಮ್ಮ ಹೋಟೆಲಿಂದಲ್ವಾ? ಇಷ್ಟೂ ಅಂಗಿ ಹೊಲಿದಿದ್ದು ನಾನೇ. ಜೇಬು ಬೇಡ ಅಂತ ಖುದ್ದು ಮ್ಯಾನೇಜರೇ ಹೇಳಿದ್ರು. ಈಗ ನಾನೇ ಇಟ್ಟುಕೊಟ್ರೆ ಮುಂದಿನ ಕೆಲಸ ಬರುತ್ತಾ? ನನ್ನ ಹೊಟ್ಟೆ ಮೇಲೆ ಹೊಡೀಬೇಡಮ್ಮ."

"ಹಾಗಾದ್ರೆ ನಾನೇ ಹೊಲ್ಕೋತೀನಿ."

"ನಿಂಗೆ ಬರುತ್ತಾ?"

"ಬರಲ್ಲ" ಎಂದು ಹೇಳಿ ಅವಳು ಅಂಗಿ ಮಡಚಿಕೊಂಡು ಹೊರಟಳು.

ಮನೆಯಲ್ಲಿ ಮೆಷಿನ್ನೇನೋ ಇತ್ತು. ಮುಂದಿನ ಕೋಣೆಯ ಕಿಟಕಿಯ ಪಕ್ಕ, ಹೂವಿನ ಬಟ್ಟೆ ಹೊದ್ದು, ತಲೆಯ ಮೇಲೆ ಟೀವಿ ಹೊತ್ತು ನಿಂತಿತ್ತು. ಅದು ಅತ್ತೆಯದು. ಬೀದಿಯ ಅರ್ಧ ಜನರ ರವಿಕೆ, ಲಂಗ, ಶಾಲೆಯ ಚಡ್ಡಿಗಳನ್ನೆಲ್ಲ ಅತ್ತೆ ಆ ಮೆಷಿನ್ ತುಳಿದೇ ಹೊಲಿದುಕೊಟ್ಟಿದ್ದಳು. ಕೈ ನಡುಗಲು ಶುರುವಾದ ಮೇಲೆ ಒಂದು ದಿನ ಮೆಷಿನ್ನಿನ ತಲೆಯನ್ನು ಮೇಜಿನ ಹೊಟ್ಟೆಯೊಳಗೆ ಮಡಚಿ, ಹಲಗೆ ಮುಚ್ಚಿ, ಮಗನಿಗೆ ಹೇಳಿ ಮೇಲೆ ಟೀವಿ ಇಡಿಸಿದಳು. ಸೊಸೆ ಮದುವೆಯಾಗಿ ಬಂದ ಹೊಸದರಲ್ಲಿ ಕುತೂಹಲಕ್ಕೆ ಅದರ ಚಕ್ರ ತಿರುಗಿಸಿ ಸೂಜಿ ಮುರಿದಿದ್ದಳು. "ಅದು ಬೇರೆಯವರ ಕಾಲು ಒಪ್ಪಲ್ಲ. ಇನ್ನೊಂದ್ಸಲ ಮುಟ್ಟಬೇಡ" ಎಂದಿದ್ದಳು ಅತ್ತೆ. ಅವಳು ಮುಟ್ಟಿರಲಿಲ್ಲ. ಧೂಳು ಹೊಡೆಯುವಾಗಲೂ ಬಟ್ಟೆಯ ಮೇಲಿಂದಲೇ ಹೊಡೆಯುತ್ತಿದ್ದಳು.

ವಾರದ ರಜೆಯ ದಿನ ತಿಂಡಿ ಮುಗಿಯುತ್ತಿದ್ದ ಹಾಗೆ, "ರೀ, ಆ ಟೀವಿ ಸ್ವಲ್ಪ ಇಳಿಸ್ಕೊಡಿ" ಎಂದಳು.

ಗಂಡ ಒಮ್ಮೆ ಅವಳನ್ನು ನೋಡಿದ, ಒಮ್ಮೆ ಮಂಚದ ಮೇಲೆ ಮಲಗಿದ್ದ ಅಮ್ಮನನ್ನು ನೋಡಿದ. ಆಮೇಲೆ ತಟ್ಟೆಯನ್ನೇ ಗಮನವಿಟ್ಟು ನೋಡತೊಡಗಿದ. ಅವಳು ಇನ್ನೊಮ್ಮೆ ಕೇಳಲಿಲ್ಲ. ಸೆರಗು ಬಿಗಿದು, ಟೀವಿಯನ್ನು ತಬ್ಬಿ ಹಿಡಿದು ತಾನೇ ನೆಲಕ್ಕಿಳಿಸಿದಳು.

"ಯಾರನ್ನ ಕೇಳಿ ಇಳಿಸಿದ್ದು?" ಮಂಚದಿಂದ ದನಿ ಬಂತು.

"ಯಾರನ್ನೂ ಕೇಳ್ಲಿಲ್ಲ ಅತ್ತೆ."

ಗಂಡನ ಕೈಯಲ್ಲಿದ್ದ ತುತ್ತು ಅಲ್ಲೇ ಉಳಿಯಿತು. ಅವಳು ಹಲಗೆ ತೆಗೆದು, ಎರಡು ಕೈಯಿಂದ ಮೆಷಿನ್ನಿನ ಕಪ್ಪು ತಲೆಯನ್ನು ಮೇಲೆತ್ತಿ ಕೂರಿಸಿದಳು. ಬೆಲ್ಟಿಗೆ ಬೆರಳು ತಾಕಿದ್ದೇ ತಡ, ಒಣಗಿದ ಚರ್ಮ ಹಪ್ಪಳದ ಹಾಗೆ ಮುರಿದು ಎರಡು ತುಂಡಾಯಿತು.

"ಆಯ್ತಲ್ಲ? ನಾನು ಹೇಳಿರ್ಲಿಲ್ವಾ" ಎಂದು ಅತ್ತೆ ತೃಪ್ತಿಯಿಂದ ಗೋಡೆ ಕಡೆ ತಿರುಗಿ ಮಲಗಿದಳು.

ಅವಳು ಚಪ್ಪಲಿ ಮೆಟ್ಟಿ ಪೇಟೆಗೆ ಹೋಗಿ ಹೊಸ ಬೆಲ್ಟು, ಸೂಜಿ, ಸಣ್ಣ ಎಣ್ಣೆಯ ಡಬ್ಬಿ ತಂದಳು. ಎಣ್ಣೆ ಬಿಟ್ಟರೂ ಚಕ್ರ ಅಲುಗಲಿಲ್ಲ. ಗಂಡ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಅಮ್ಮನಿಗೂ ಹೆಂಡತಿಗೂ ನಡುವೆ ಬಾಯಿ ಹಾಕುವ ಧೈರ್ಯ ಅವನಿಗಿರಲಿಲ್ಲ. ಆದರೆ ಸಿಕ್ಕಿಹಾಕಿಕೊಂಡ ಚಕ್ರವನ್ನು ನೋಡಿಕೊಂಡು ಸುಮ್ಮನಿರುವುದೂ ಅವನಿಂದಾಗದ ಕೆಲಸ. "ಹಳೇ ಜಿಡ್ಡಿನ ಮೇಲೆ ಹೊಸ ಎಣ್ಣೆ ಬಿಟ್ರೆ ಏನು ಬಂತು? ಮೊದ್ಲು ಸೀಮೆಎಣ್ಣೆಯಲ್ಲಿ ತೊಳೀಬೇಕು" ಎಂದು ಗೊಣಗುತ್ತ ಮೊಣಕಾಲೂರಿ ಕೂತ. ಹಲ್ಲುಜ್ಜುವ ಹಳೆಯ ಬ್ರಷ್ಷಿನಿಂದ ತಿಕ್ಕಿ, ಮೆಷಿನ್ನಿನ ಹಲ್ಲುಗಳ ನಡುವೆ ಗಟ್ಟಿಯಾಗಿದ್ದ ನೂಲಿನ ಪುಡಿಯನ್ನು ಪಿನ್ನಿನಿಂದ ಕೆದಕಿದ. ಹೊಸ ಬೆಲ್ಟಿನ ಎರಡು ತುದಿಗೆ ತೂತು ಹೊಡೆದು ತಂತಿಯಿಂದ ಜೋಡಿಸಿದ. ಚಕ್ರ ತಿರುಗಿದಾಗ ಅವನ ಮುಖ ಅರಳಿತು. ಕೂಡಲೇ ಅಮ್ಮನ ಬೆನ್ನು ಕಣ್ಣಿಗೆ ಬಿದ್ದು, "ನಾನೇನೂ ಹೊಲಿಯೋಕೆ ಹೇಳಿಲ್ಲಪ್ಪ" ಎಂದು ಗಟ್ಟಿಯಾಗಿ ಹೇಳಿ ಎದ್ದ.

ಅವಳು ಚಿಂದಿಬಟ್ಟೆಯೊಂದನ್ನು ಇಟ್ಟು ತುಳಿದಳು. ಚಕ್ರ ಮುಂದಕ್ಕೆ ಎರಡು ಸುತ್ತು ಬಂದು ಹಿಂದಕ್ಕೆ ತಿರುಗಿತು, ದಾರ ಕಡಿಯಿತು. ಪೋಣಿಸಿದಳು. ಮತ್ತೆ ಕಡಿಯಿತು. ಮೂರನೇ ಸಲ ಹೊಲಿಗೆಯೇನೋ ಬಿತ್ತು, ಆದರೆ ಬಟ್ಟೆ ತಿರುಗಿಸಿ ನೋಡಿದರೆ ಅಡಿಯಲ್ಲಿ ಗುಬ್ಬಚ್ಚಿ ಗೂಡು ಕಟ್ಟಿದಷ್ಟು ದಾರದ ಗೋಜಲು. ಒಂದೊಂದು ತಪ್ಪು ಸದ್ದಿಗೂ ಗೋಡೆ ಕಡೆ ಮುಖ ಮಾಡಿದ್ದ ಅತ್ತೆಯ ಭುಜ, ಹಲ್ಲುನೋವಿನವರ ಹಾಗೆ, ಸಣ್ಣಗೆ ಹಾರುತ್ತಿತ್ತು. ಕೊನೆಗೆ ತಡೆಯಲಾಗಲಿಲ್ಲ.

"ಅಷ್ಟಕ್ಕೂ ಏನು ಹೊಲಿಯೋಕೆ ಹೊರಟಿದೀಯ?"

"ಜೇಬು."

"ಯಾವುದಕ್ಕೆ?"

"ನನ್ನ ಯೂನಿಫಾರ್ಮಿಗೆ. ಹೋಟೆಲಲ್ಲಿ ಜೇಬು ತೆಗೆದುಬಿಟ್ಟಿದಾರೆ."

"ಯಾಕೆ?"

"ಕದೀತೀವಂತೆ."

ಅತ್ತೆ ನಿಧಾನವಾಗಿ ಎದ್ದು ಕೂತು, ಕಾಲು ಕೆಳಗೆ ಬಿಟ್ಟಳು. "ಹೊಲಿದು ಮಿಕ್ಕ ಗೇಣುದ್ದ ತುಂಡನ್ನೂ ಮಡಚಿ ವಾಪಸ್ ಕೊಡ್ತಿದ್ದೆ ನಾನು. ಆದ್ರೂ ಒಬ್ಬಳು ಈ ಬಾಗಿಲಲ್ಲೇ ನಿಂತು, ತನ್ನ ಬಟ್ಟೇಲಿ ನಾನು ಅರ್ಧ ಗಜ ಹೊಡ್ಕೊಂಡೆ ಅಂದ್ಲು. ಬೀದಿಗೆಲ್ಲ ಕೇಳೋ ಹಾಗೆ."

"ನೀವೇನು ಮಾಡಿದ್ರಿ?"

"ಏನು ಮಾಡ್ಲಿ. ರವಿಕೆ ತೋಳು ಬಿಗಿ ಮಾಡಿ ಹೊಲಿದುಕೊಟ್ಟೆ. ಅದು ಹಾಕ್ಕೊಂಡಷ್ಟು ದಿನ ಕೈ ಎತ್ತಿ ಯಾರಿಗೂ ಬೆರಳು ತೋರ್ಸೋಕಾಗ್ಬಾರ್ದು, ಹಾಗೆ."

ಸೊಸೆಗೆ ನಗು ತಡೆಯಲಾಗಲಿಲ್ಲ. ಅತ್ತೆಯೂ ನಕ್ಕಳು, ಆದರೆ ಬೇಗ ಮುಖ ಬಿಗಿದುಕೊಂಡಳು. "ಸೂಜಿ ನೋಡು. ಅದರ ಒಂದು ಮಗ್ಗುಲು ಚಪ್ಪಟೆ ಇರತ್ತೆ. ಅದು ಚಕ್ರದ ಕಡೆ ಇದೆಯಾ?"

"ಈ ಕಡೆ ಇದೆ."

"ತೆಗಿ, ತಿರುಗಿಸಿ ಹಾಕು. ತಿರುಪು ಬಿಗಿ ಮಾಡು. ದಾರ ಎಡಗಡೆಯಿಂದ ಬಲಕ್ಕೆ ಪೋಣಿಸು. ಪೋಣಿಸೋಕೆ ಮೊದ್ಲು, ಮೇಲೆ ಕೆಳಗೆ ಆಡೋ ಕಡ್ಡಿಯ ತೂತಿಗೆ ಹಾಕಿದ್ಯಾ?"

"ಅದಕ್ಕೂ ಹಾಕ್ಬೇಕಾ?"

"ಮತ್ತೆ ಅದು ಯಾಕಿರೋದು, ಅಂದಕ್ಕಾ? ಅಡಿಯಲ್ಲಿ ಗಂಟಾಗ್ತಿದೆ ಅಂದ್ರೆ ತಪ್ಪು ಮೇಲಿನ ದಾರದಲ್ಲಿರತ್ತೆ. ಎಲ್ಲರೂ ಕೆಳಗಿನದನ್ನೇ ಬಯ್ಯೋದು."

"ನಮ್ಮ ಹೋಟೆಲಲ್ಲೂ ಹಾಗೇ ಅತ್ತೆ."

"ಬಾಯಿ ಆಮೇಲೆ. ಚಕ್ರಕ್ಕೆ ಮೊದ್ಲು ಕೈ ಕೊಡು, ನಿನ್ನ ಕಡೆಗೆ ತಿರುಗಿಸು. ಅದು ಹೊರಟ ಮೇಲೆ ಕಾಲು. ಹಿಮ್ಮಡಿ, ಬೆರಳು, ಹಿಮ್ಮಡಿ, ಬೆರಳು. ತುಳೀಬೇಡ, ತೊಟ್ಟಿಲು ತೂಗಿದ ಹಾಗೆ ತೂಗು."

ಮಧ್ಯಾಹ್ನದವರೆಗೆ ಅವಳು ದಾರವಿಲ್ಲದೆ ಬರೀ ತೂಗಿದಳು. ಆಮೇಲೆ ಗೆರೆ ಹಾಕಿದ ಕಾಗದದ ಮೇಲೆ ಸೂಜಿ ಓಡಿಸಿದಳು. ಸೂಜಿಯ ತೂತುಗಳು ಗೆರೆ ಬಿಟ್ಟು ಕುಡುಕನ ಹೆಜ್ಜೆಯ ಹಾಗೆ ಅತ್ತಿತ್ತ ಹೋದವು. ಸಂಜೆ ಹೊತ್ತಿಗೆ ಸ್ವಲ್ಪ ಸರಿಯಾದವು. ಜೇಬಿಗೆ ಬಟ್ಟೆ ಹುಡುಕಬೇಕಾಗಿಯೇ ಇರಲಿಲ್ಲ. ಹಳೆಯ ಕಂದು ಅಂಗಿಯ ಬೆನ್ನಿನಲ್ಲಿ ಗಟ್ಟಿ ಬಟ್ಟೆಯಿತ್ತು, ಕತ್ತರಿಸಿದಳು.

"ಬೂದು ಅಂಗಿಗೆ ಕಂದು ಜೇಬಾ?" ಗಂಡ ಗಾಬರಿಯಾದ. "ಎಲ್ಲರಿಗೂ ಕಾಣತ್ತೆ ಕಣೇ. ಒಳಗಡೆ ಒಂದು ಕಳ್ಳಜೇಬು ಇಟ್ಕೊಂಡ್ಬಿಡು. ನಿನ್ನ ಕನ್ನಡಕಾನೂ ಉಳಿಯತ್ತೆ, ಅವರ ಮಾತೂ ಉಳಿಯತ್ತೆ."

ಅವಳು ಕತ್ತರಿ ಕೆಳಗಿಟ್ಟು ಗಂಡನ ಕಡೆ ತಿರುಗಿದಳು. "ಕಳ್ಳಜೇಬು ಬೇಡ ರೀ. ಅವರು ಹೇಳೋದೂ ಅದನ್ನೇ ಅಲ್ವಾ? ನಾನೇನೂ ಬಚ್ಚಿಟ್ಟುಕೊಳ್ಳಬೇಕಾಗಿಲ್ಲ. ಹೊರಗೇ ಇರಬೇಕು. ದೂರದಿಂದ ಕಾಣಬೇಕು."

ಮರುದಿನ ಬೆಳಿಗ್ಗೆ ನೆಲಮಾಳಿಗೆಯಲ್ಲಿ ಹೆಂಗಸರೆಲ್ಲ ಸಾಲಾಗಿ ನಿಂತಿದ್ದಾಗ ಮೇಲ್ವಿಚಾರಕಿಯ ಕಣ್ಣು ಮೂರನೇ ಮಹಡಿಯ ಬಲ ತೊಡೆಯ ಮೇಲೆ ನಿಂತಿತು. ಜೇಬು ಸ್ವಲ್ಪ ಓರೆಯಾಗಿತ್ತು, ಆದರೆ ಜೇಬಲ್ಲ ಎನ್ನುವಂತಿರಲಿಲ್ಲ.

"ಏನಿದು?"

"ಜೇಬು ಮೇಡಂ."

"ಅದು ನನಗೂ ಕಾಣ್ತಿದೆ. ಯಾರು ಹೇಳಿದ್ದು ಹಾಕೋಕೆ?"

"ಯಾರೂ ಹೇಳ್ಲಿಲ್ಲ. ನಾನೇ ಹೊಲಿದೆ."

ಮೇಲ್ವಿಚಾರಕಿ ತನಗೆ ಗೊತ್ತಿಲ್ಲದೆಯೇ ಎರಡೂ ಕೈಯನ್ನು ತನ್ನ ಕಪ್ಪು ಕೋಟಿನ ಜೇಬಿಗೆ ಇಳಿಬಿಟ್ಟಳು. ಮೂರನೇ ಮಹಡಿ ಆ ಕೈಗಳನ್ನೇ ನೋಡಿದಳು. ಸಾಲಿನಲ್ಲಿ ಯಾರೋ ಕೆಮ್ಮಿದರು. ಮೇಲ್ವಿಚಾರಕಿಯ ಮುಖ ಕೆಂಪಾಯಿತು. ಕೈ ಹೊರತೆಗೆದು, ಲಾಂಡ್ರಿಯ ಕತ್ತರಿ ತರಿಸಿ ಅಲ್ಲೇ ಹೊಲಿಗೆ ಬಿಚ್ಚಿದಳು. ಬೂದು ಅಂಗಿಯ ಮೇಲೆ ಸಾಲಾಗಿ ಸಣ್ಣ ತೂತುಗಳು ಉಳಿದವು. ಕಂದು ತುಂಡನ್ನು ಮೂರನೇ ಮಹಡಿ ಮಡಚಿ ಕೈಯಲ್ಲಿಟ್ಟುಕೊಂಡು ಮೆಟ್ಟಿಲು ಹತ್ತಿದಳು.

"ಕಿತ್ತಿದ್ದು ಒಳ್ಳೇದೇ ಆಯ್ತು ಬಿಡು" ಎಂದಳು ಅತ್ತೆ, ಸಂಜೆ ಆ ತುಂಡನ್ನು ಕಿಟಕಿಯ ಬೆಳಕಿಗೆ ಹಿಡಿದು. "ಇಷ್ಟು ಸಡಿಲ ಹೊಲಿಗೆ ನಮ್ಮ ಮನೆಯಿಂದ ಹೊರಗೆ ಹೋಗಿದ್ದೇ ತಪ್ಪು. ದಾರದ ತಿರುಪು ಒಂದು ಸುತ್ತು ಬಿಗಿ ಮಾಡು. ಹೊಲಿಗೆ ಸಣ್ಣದು ಬೀಳಬೇಕು. ಮೂಲೆಯಲ್ಲಿ ನಿಲ್ಲಿಸಬೇಡ, ಸೂಜಿ ಬಟ್ಟೆಯಲ್ಲೇ ಇಟ್ಟು ಬಟ್ಟೆ ತಿರುಗಿಸು. ಮೂರು ಕಡೆಗೆ ಓಡಿಸು, ಮತ್ತೆ ಅದರ ಮೇಲೇ ಓಡಿಸು. ಹುಡುಗರ ಶಾಲೆ ಚಡ್ಡಿಗೆ ಹೀಗೇ ಹೊಲೀತಿದ್ದೆ. ಚಡ್ಡಿ ಹರಿದುಹೋದ್ರೂ ಜೇಬು ಉಳೀತಿತ್ತು."

ನಾಲ್ಕು ಸಲ ಬಿಚ್ಚಿಸಿದಳು. ಐದನೇ ಸಲ ಬೆರಳಾಡಿಸಿ ನೋಡಿ, ಏನೂ ಹೇಳದೆ ಅಂಗಿಯನ್ನು ಸೊಸೆಯ ಮಡಿಲಿಗೆ ಹಾಕಿದಳು. ಅತ್ತೆಯ ಮೆಚ್ಚುಗೆ ಯಾವತ್ತೂ ಅಷ್ಟೇ ಇರುತ್ತಿತ್ತು.

ಮರುದಿನ ಮತ್ತೆ ಸಾಲು, ಮತ್ತೆ ಕತ್ತರಿ. ಮೇಲ್ವಿಚಾರಕಿ ತುದಿ ತೂರಿಸಲು ನೋಡಿದಳು, ಎಲ್ಲೂ ಸಂದಿಯಿಲ್ಲ. ಒಂದು ಮೂಲೆಯನ್ನು ಎಳೆದಾಗ ಜೇಬಿನ ಜೊತೆ ಅಂಗಿಯೂ ಪರಕ್ಕೆಂದು ಎಳೆಬಿಟ್ಟಿತು.

"ಎಳೀರಿ ಮೇಡಂ" ಎಂದಳು ಮೂರನೇ ಮಹಡಿ. "ಜೇಬು ನಂದು. ಅಂಗಿ ಕಂಪನೀದು. ಹರಿದ್ರೆ ನಾನಂತೂ ಹರಿದಿದ್ದಲ್ಲ, ಇಷ್ಟು ಜನ ನೋಡ್ತಿದಾರೆ."

ಏಳನೇ ಮಹಡಿ ಕಿಸಕ್ಕನೆ ನಕ್ಕು ಬಾಯಿಗೆ ಕೈ ಅಡ್ಡ ಹಿಡಿದಳು. ಮೇಲ್ವಿಚಾರಕಿ ಕತ್ತರಿ ಕೆಳಗಿಟ್ಟು, "ನಡಿ, ಮ್ಯಾನೇಜರ್ ಹತ್ರಾನೇ ಮಾತಾಡು" ಎಂದಳು.

ಮ್ಯಾನೇಜರ್ ಕೂಗಾಡುವ ಮನುಷ್ಯನಲ್ಲ. ನಯವಾಗಿ ಮಾತಾಡಿಯೇ ಕೆಲಸ ಮುಗಿಸುವವನು. ಕೂರಲು ಕುರ್ಚಿ ತೋರಿಸಿದ. ಅವಳು ಕೂತಳು. ಹೋಟೆಲಿನ ಕುರ್ಚಿಯ ಮೇಲೆ ಅವಳು ಕೂತದ್ದು ಅದೇ ಮೊದಲು. ದಿನಾ ಒರೆಸುತ್ತಿದ್ದ ಮೆತ್ತೆ ಇಷ್ಟು ಮೃದುವೆಂದು ಗೊತ್ತಿರಲಿಲ್ಲ.

"ನೋಡಿಮ್ಮ, ನಿಮ್ಮ ಕಷ್ಟ ನನಗೆ ಅರ್ಥ ಆಗತ್ತೆ. ಕನ್ನಡಕ, ಕರ್ಚೀಫು, ಇದೆಲ್ಲ ಬೇಕಾಗತ್ತೆ. ಅದಕ್ಕೇ ಒಂದು ದಾರಿ ಯೋಚನೆ ಮಾಡಿದೀನಿ. ಪ್ಲಾಸ್ಟಿಕ್ಕಿನ ಜೇಬು ಹಾಕಿಸ್ತೀನಿ, ಪಾರದರ್ಶಕವಾಗಿರೋದು. ಒಳಗೇನಿದೆ ಅಂತ ಎಲ್ಲರಿಗೂ ಕಾಣತ್ತೆ. ನಿಮಗೂ ಅನುಕೂಲ, ನಮಗೂ ನೆಮ್ಮದಿ. ಏನಂತೀರಿ?"

ಅವಳು ಕನ್ನಡಕದೊಳಗಿಂದ ಅವನನ್ನೇ ನೋಡಿದಳು. ಮೇಜಿನ ಕೆಳಗೆ ಕಾಲು ತಾನಾಗಿ ಮೆಷಿನ್ ತೂಗುತ್ತಿತ್ತು, ಹಿಮ್ಮಡಿ, ಬೆರಳು, ಹಿಮ್ಮಡಿ, ಬೆರಳು. ಮಾತು ನೆಟ್ಟಗೇ ಬಂತು.

"ನಿಮ್ಮ ಪ್ಯಾಂಟಿಗೂ ಅದನ್ನೇ ಹಾಕಿಸ್ತೀರಾ ಸಾರ್?"

ಮ್ಯಾನೇಜರ್ ಮುಖದಲ್ಲಿನ ನಯ ಒಂದೊಂದೇ ಪದರ ಕಳಚಿಕೊಂಡಿತು. "ಸರಿ. ಹಾಗಾದ್ರೆ ಆ ಜೇಬು ತೆಗೆಯೋವರೆಗೂ ಕೆಲಸಕ್ಕೆ ಬರಬೇಡಿ" ಎಂದ.

"ಆಗಲಿ" ಎಂದು ಅವಳು ಎದ್ದಳು.

ಹೊರಗೆ ಬಂದಾಗ ಬಿಸಿಲು ಇನ್ನೂ ಏರಿರಲಿಲ್ಲ. ಅಷ್ಟು ಬೇಗ ಮನೆಗೆ ಹೋಗಿ ಅಭ್ಯಾಸವಿರಲಿಲ್ಲ. ಏನು ಮಾಡುವುದೆಂದು ತೋಚದೆ ಬಸ್ ನಿಲ್ದಾಣದ ಕಲ್ಲಿನ ಮೇಲೆ ಕೂತಳು. ಅಲ್ಲಿ ಮಾತ್ರ ಸ್ವಲ್ಪ ಅತ್ತಳು. ಬಸ್ಸು ಬಂದಾಗ ಕೈ ತಾನಾಗಿ ಜೇಬಿಗೆ ಹೋಯಿತು. ಕರವಸ್ತ್ರ ತೆಗೆದು ಮುಖ ಒರೆಸಿಕೊಂಡು ಹತ್ತಿದಳು.

ಗಂಡ ತಲೆಯ ಮೇಲೆ ಕೈಹೊತ್ತು ಕೂತ. "ಒಂದು ಜೇಬಿಗೋಸ್ಕರ..." ಎಂದು ಶುರು ಮಾಡಿದವನನ್ನು ಅವನ ಅಮ್ಮ ಕಣ್ಣಲ್ಲೇ ತಡೆದಳು. ಮಾರನೆಯ ದಿನ ಸೊಸೆ ಮೂಲೆಯಲ್ಲಿ ಮಂಕಾಗಿ ಕೂತದ್ದನ್ನು ನೋಡಿ, "ಕೂತ್ಕೊಂಡು ಏನು ಮಾಡ್ತೀಯ? ಕಾಲರ್ ಹೊಲಿಯೋದು ಕಲಿ, ಬಾ. ಜೇಬೊಂದೇ ಬಂದ್ರೆ ಸಾಕಾ?" ಎಂದಳು.

ಎರಡು ದಿನ ಯಾರೂ ಬರಲಿಲ್ಲ. ಮೂರನೇ ಸಂಜೆ ಏಳನೇ ಮಹಡಿ ಬಂದು ಬಾಗಿಲಲ್ಲಿ ನಿಂತಳು. ಯಾವತ್ತೂ ಮಾತಿಗೆ ಬರವಿಲ್ಲದವಳು ಅವತ್ತು ತೊದಲಿದಳು. "ಅಕ್ಕಾ, ನೀನು ಒಳಗೆ ಹೋದಾಗ ನಾನು ನಗ್ತಾ ನಿಂತಿದ್ದೆ. ಆಮೇಲೆ ನಿನ್ನ ಮಹಡಿ ಕೆಲಸಾನೂ ನಂಗೇ ಹಾಕಿದ್ರು. ಮಾಡ್ದೆ. ಮಾಡ್ತಾ ಮಾಡ್ತಾ..." ಮಾತು ಅಲ್ಲೇ ಬಿಟ್ಟು, ಚೀಲದಿಂದ ಮಡಚಿದ ಬೂದು ಅಂಗಿ ತೆಗೆದಳು. ಅದರ ಜೊತೆ ಒಂದು ತುಂಡು ಬಟ್ಟೆ, ಹಳದಿಯ ಮೇಲೆ ದೊಡ್ಡ ದೊಡ್ಡ ಕೆಂಪು ಹೂವು.

"ಇದನ್ನಾ?" ಮೂರನೇ ಮಹಡಿ ಕೇಳಿದಳು.

"ದೂರದಿಂದ ಕಾಣಬೇಕು ಅಂದಿದ್ಯಂತಲ್ಲ, ದಾರೀಲಿ ಭಾವ ಸಿಕ್ಕಿ ಹೇಳಿದ್ರು."

ಏಳನೇ ಮಹಡಿಯ ಹಿಂದೆ ಒಬ್ಬೊಬ್ಬರಾಗಿ ಬಂದರು. ಮೊದಲ ಮಹಡಿ, ಐದನೇ ಮಹಡಿ, ಲಾಂಡ್ರಿಯಲ್ಲಿ ಇಸ್ತ್ರಿ ಹಾಕುವವಳು. ಕೆಲವರು ಬರಲಿಲ್ಲ, ಮನೆಯಲ್ಲಿ ತಿನ್ನುವ ಬಾಯಿ ಜಾಸ್ತಿಯಿದ್ದವರು, ಭಯವಿದ್ದವರು. ಮೂರನೇ ಮಹಡಿ ಅವರನ್ನು ತಪ್ಪೆನ್ನಲಿಲ್ಲ. ಎರಡು ಕೋಣೆಯ ಮನೆಯಲ್ಲಿ ಕಾಲಿಡಲು ಜಾಗವಿಲ್ಲದಾಯಿತು. ಅತ್ತೆ ಮಂಚದ ಮೇಲೆ ಕೂತು ತುಂಡುಗಳನ್ನು ಅಳೆದು ಸೀಮೆಸುಣ್ಣದಲ್ಲಿ ಗೆರೆ ಎಳೆದಳು. ಕೈ ನಡುಗಿ ಗೆರೆ ಸೊಟ್ಟಗಾದರೆ, "ಗೆರೆ ನೋಡ್ಬೇಡಿ, ನಾನು ಹೇಳಿದ್ದು ಕೇಳಿ" ಎಂದು ಗದರಿದಳು. ಗಂಡ ಎಲ್ಲರಿಗೂ ಚಹಾ ಮಾಡಿ ತಂದ. ಒಬ್ಬಳು ಹಳೆಯ ಪರದೆಯ ಬಟ್ಟೆ ತಂದಿದ್ದಳು, ಒಬ್ಬಳು ಗಂಡನ ಚೌಕಳಿ ಲುಂಗಿಯ ಚೂರು. ಇಸ್ತ್ರಿಯವಳು ಎರಡು ಜೇಬು ಬೇಕೆಂದಳು. "ಇಷ್ಟು ದಿನ ಇಲ್ದಿದ್ದಕ್ಕೆ ಸೇರಿಸಿ" ಎಂದು ಕಾರಣ ಕೊಟ್ಟಳು.

ಆ ವಾರ ಹೋಟೆಲಿನಲ್ಲಿ ಯಾವುದೋ ದೊಡ್ಡ ಸಮಾವೇಶ. ಎಲ್ಲ ಕೋಣೆಯೂ ಭರ್ತಿ. ಬೆಳಿಗ್ಗೆ ನೆಲಮಾಳಿಗೆಯ ಸಾಲಿನಲ್ಲಿ ಹಳದಿ ಹೂವು, ಚೌಕಳಿ, ಹಸಿರು ಪರದೆ, ಕಂದು ಎಲ್ಲ ಒಟ್ಟಿಗೆ ಬಂದು ನಿಂತವು. ಮೂರನೇ ಮಹಡಿ ತನ್ನ ಜಾಗದಲ್ಲೇ ನಿಂತಿದ್ದಳು, ಕರೆಯದೆಯೇ ಬಂದು. ಮೇಲ್ವಿಚಾರಕಿ ಸಾಲಿನ ಈ ತುದಿಯಿಂದ ಆ ತುದಿಗೆ ನಡೆದು, ಮ್ಯಾನೇಜರನ್ನು ಕರೆತಂದಳು. ಅವನೂ ನೋಡಿದ. ಮೇಲಿಂದ ಫೋನು ಬಡಿದುಕೊಳ್ಳುತ್ತಿತ್ತು. ಎರಡನೇ ಮಹಡಿಯಲ್ಲಿ ಟವೆಲ್ಲಿಲ್ಲ, ಆರರಲ್ಲಿ ಚಾದರ ಬದಲಾಯಿಸಿಲ್ಲ.

"ನಿಂತ್ಕೊಂಡು ಏನು ನೋಡ್ತಿದೀರಿ? ಮೇಲೆ ಹೋಗಿ" ಎಂದ ಮ್ಯಾನೇಜರ್.

"ಜೇಬು ಸಾರ್?" ಮೂರನೇ ಮಹಡಿ ಕೇಳಿದಳು. ಸುಮ್ಮನೆ ಹೋಗಬಹುದಿತ್ತು. ಆದರೆ ಅವನ ಬಾಯಿಂದಲೇ ಬರಲಿ ಅನ್ನಿಸಿತು.

ಅವನು ಗೋಡೆ ನೋಡುತ್ತ, "ಜೇಬು ಇರ್ಲಿ" ಎಂದ.

ಅಷ್ಟಕ್ಕೇ ಎಲ್ಲ ಮುಗಿಯಲಿಲ್ಲ. ಸಮಾವೇಶ ಮುಗಿದ ಮೇಲೆ ಅವಳನ್ನು ಮಹಡಿಯಿಂದ ಇಳಿಸಿ ನೆಲಮಾಳಿಗೆಯ ಲಾಂಡ್ರಿಗೆ ಹಾಕಿದರು. ಹಬ್ಬಿದ ಆವಿ, ಒದ್ದೆ ಚಾದರದ ಭಾರ, ಕಿಟಕಿಯಿಲ್ಲದ ಗೋಡೆ. ಶಿಕ್ಷೆಯೆಂದು ಯಾರೂ ಹೇಳಲಿಲ್ಲ, ಯಾರೂ ಹೇಳಬೇಕಾಗಿಯೂ ಇರಲಿಲ್ಲ. ಅವಳು ಮೇಲ್ವಿಚಾರಕಿಯನ್ನು, "ಲಾಂಡ್ರಿಯಲ್ಲೂ ಜೇಬು ಹಾಕ್ಕೋಬಹುದಾ ಮೇಡಂ?" ಎಂದಷ್ಟೇ ಕೇಳಿದಳು. ಮೇಲ್ವಿಚಾರಕಿ ನಿಟ್ಟುಸಿರು ಬಿಟ್ಟು, "ಹಾಕ್ಕೋ ತಾಯಿ, ನಾಲ್ಕು ಹಾಕ್ಕೋ" ಎಂದು ಹೋದಳು. ಅವಳು ಲಾಂಡ್ರಿಯಲ್ಲೇ ಬೇರೂರಿದಳು. ಸೊಂಟದ ನೋವು ಹೆಚ್ಚಾಯಿತು, ಬಾಯಿಯೂ ಹೆಚ್ಚಾಯಿತು. ಚಹಾ ಕೊಡುವ ಹೊತ್ತಿಗೆ ಒಗೆದ ಬಟ್ಟೆಯ ಬುಟ್ಟಿ ಮಗುಚಿ ಅದರ ಮೇಲೆ ಕೂತು ಕುಡಿಯಲು ಶುರು ಮಾಡಿದ್ದೂ ಆಗಲೇ. ಯಾರೂ ಎಬ್ಬಿಸಲಿಲ್ಲ.

ಮುಂದಿನ ಸಲ ಹೊಸ ಸಮವಸ್ತ್ರ ಬಂದಾಗ ಮ್ಯಾನೇಜರ್ ಎಲ್ಲರನ್ನೂ ಸೇರಿಸಿ ಸಣ್ಣದೊಂದು ಭಾಷಣವನ್ನೇ ಮಾಡಿದ. ಸಿಬ್ಬಂದಿಯ ಅನುಕೂಲವನ್ನು ಹೋಟೆಲು ಯಾವಾಗಲೂ ಗಮನದಲ್ಲಿಟ್ಟುಕೊಂಡಿದೆ, ಈ ಸಲ ಅಂಗಿಗೆ ಜೇಬಿದೆ ಎಂದ. ಕೆಲವರು ಚಪ್ಪಾಳೆ ತಟ್ಟಿದರು. ಅವಳು ಅಲ್ಲೇ ಅಂಗಿ ಬಿಡಿಸಿ ಜೇಬಿಗೆ ಕೈ ಹಾಕಿದಳು. ಎರಡು ಬೆರಳು ಹೋದವು. ಮೂರನೆಯದು ಹೋಗಲಿಲ್ಲ.

ಮನೆಗೆ ಬಂದು ಅತ್ತೆಯ ಮುಂದೆ ಹಿಡಿದಳು. ಅತ್ತೆ ನಡುಗುವ ಕೈಯನ್ನು ಆ ಬಾಯಿಗೆ ತೂರಿಸಲು ನೋಡಿದಳು, ತಿರುಗಿಸಿ ನೋಡಿದಳು, ಹೊಲಿಗೆಯನ್ನು ಉಗುರಿನಿಂದ ಗೀರಿ ನೋಡಿದಳು.

"ಇದನ್ನ ಹೊಲಿದವನು ಯಾರು?"

"ಬೀದಿ ತುದಿಯ ದರ್ಜಿ."

"ಅವನಿಗೆ ಹೇಳಿದ್ದು ಅಷ್ಟು, ಅವನು ಹೊಲಿದಿದ್ದು ಅಷ್ಟು. ಬ್ಲೇಡು ಕೊಡು ಇಲ್ಲಿ. ಬೇಡ, ನೀನೇ ಬಿಚ್ಚು, ನನ್ನ ಕೈ ಆಗಲ್ಲ. ಎಷ್ಟು ದೊಡ್ಡದು ಬೇಕು?"

ಅವಳು ತನ್ನ ಕೈಯನ್ನು ಮಣಿಕಟ್ಟಿನವರೆಗೆ ಬಟ್ಟೆಯ ಮೇಲೆ ಚಾಚಿ ಇಟ್ಟಳು. ಅತ್ತೆ ಸೀಮೆಸುಣ್ಣ ತೆಗೆದುಕೊಂಡು, ಬೆರಳುಗಳ ಹೊರಗೆ ಇನ್ನೂ ಎರಡು ಅಂಗುಲ ಬಿಟ್ಟು, ಸುತ್ತಲೂ ಗೆರೆ ಎಳೆದಳು.